ಫ್ರಾಂಕ್‌ಫರ್ಟ್‌ನಿಂದ ರೈನ್‌ಗೌ ವೈನ್ ಹಳ್ಳಿಗಳಿಗೆ ಒಂದು ದಿನ: ಅಪ್ಪ ಅವ್ವನ ಕರ್ಕೊಂಡು ಹೋಗೋದು ಹೇಗೆ?

ಮೈನ್‌ದಂಡೆ:
ಎಲ್ಲರಿಗೂ ನಮಸ್ಕಾರ. ಅಕ್ಟೋಬರ್‌ನಲ್ಲಿ ಅಪ್ಪ ಅವ್ವ ವಿಜಯಪುರದಿಂದ ಫ್ರಾಂಕ್‌ಫರ್ಟ್‌ಗೆ ಬರುತ್ತಿದ್ದಾರೆ. ಅಪ್ಪ ಮೂವತ್ತು ವರ್ಷದಿಂದ ದ್ರಾಕ್ಷಿ ಬೆಳೆಯುತ್ತಿದ್ದಾರೆ. ಒಣದ್ರಾಕ್ಷಿ ಮಾಡಿ ಮಾರುತ್ತಾರೆ. ಫೋನ್ ಮಾಡಿದಾಗಲೆಲ್ಲ ಒಂದೇ ಮಾತು: "ನಿಮ್ಮಲ್ಲೂ ದ್ರಾಕ್ಷಿ ಬೆಳೀತಾರಂತಲ್ಲ, ಅದನ್ನ ತೋರಸು." ಕೋಟೆ, ಅರಮನೆ, ಅಂಗಡಿ ಯಾವುದೂ ಅವರಿಗೆ ಬೇಡ.

ಒಂದು ಶನಿವಾರ ರೈನ್‌ಗೌ ಕಡೆ ಹೋಗೋಣ ಅಂತಿದ್ದೇವೆ. ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರಬೇಕು. ಸದ್ಯಕ್ಕೆ ಬರೆದಿಟ್ಟುಕೊಂಡಿರುವುದು ಇಷ್ಟು: ಎಲ್ಟ್‌ವಿಲ್, ಎಬರ್‌ಬಾಖ್ ಮಠ, ಯೋಹಾನಿಸ್‌ಬೆರ್ಗ್ ಅರಮನೆ, ರೂಡೆಸ್‌ಹೈಮ್, ಅಲ್ಲಿನ ಕೇಬಲ್ ಕಾರು, ಸಂಜೆ ಆಸ್‌ಮನ್ಸ್‌ಹೌಸನ್. ನಡುವೆ ಎರಡು ಕಡೆ ವೈನ್ ರುಚಿ. ಕಾರು ಬಾಡಿಗೆಗೆ ತಗೊಳ್ಳಬಹುದು.

ಅವ್ವ ವೈನ್ ಮುಟ್ಟಲ್ಲ, ಮೊಟ್ಟೆ ಕೂಡ ತಿನ್ನಲ್ಲ. ಮೊಣಕಾಲು ನೋವಿದೆ. ಮಗಳಿಗೆ ಐದು ವರ್ಷ. ನನಗೂ ಹೆಂಡತಿಗೂ ರುಚಿ ನೋಡುವ ಆಸೆ ಇದೆ. ಇದೆಲ್ಲ ಒಂದೇ ದಿನದಲ್ಲಿ ಆಗುತ್ತಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಹಳೇಹೆಜ್ಜೆ:
ಆಗಲ್ಲ. ನೇರವಾಗಿ ಹೇಳಿದೆ, ಬೇಜಾರು ಮಾಡ್ಕೋಬೇಡಿ. ನಿಮ್ಮ ಪಟ್ಟಿಯಲ್ಲಿ ಮೂರು ದಿನದ ಕೆಲಸ ಇದೆ. ಹದಿಮೂರು ವರ್ಷದಿಂದ ಪ್ರತಿ ಸುಗ್ಗಿಗೂ ಆ ಕಡೆ ಹೋಗುತ್ತಿದ್ದೇನೆ. ಎರಡು ಊರಿಗಿಂತ ಜಾಸ್ತಿ ಇಟ್ಟುಕೊಂಡ ದಿನವೆಲ್ಲ ನೆನಪಿರೋದು ಸ್ಟೇಷನ್ನು, ಪಾರ್ಕಿಂಗ್ ಮಾತ್ರ. ಎರಡು ಊರು ಆರಿಸಿಕೊಳ್ಳಿ. ವೈನ್ ಒಂದು ಕಡೆ ಸಾಕು.

ಕಾರು ಬೇಡವೇ ಬೇಡ. ಇಲ್ಲಿ ಕುಡಿದು ಓಡಿಸುವ ಮಿತಿ 0.5 ಪ್ರೊಮಿಲ್, ಅಂದರೆ ರಕ್ತದಲ್ಲಿ ಸಾವಿರಕ್ಕೆ ಅರ್ಧ ಪಾಲು ಆಲ್ಕೋಹಾಲ್. 21 ವರ್ಷ ತುಂಬದವರಿಗೆ, ಹೊಸ ಲೈಸೆನ್ಸಿನ ಎರಡು ವರ್ಷದ ಅವಧಿಯಲ್ಲಿ ಇರುವವರಿಗೆ ಪೂರ್ತಿ ಸೊನ್ನೆ. ಮಿತಿಯ ಒಳಗಿದ್ದರೂ 0.3 ದಾಟಿದ ಮೇಲೆ ಓಡಿಸುವುದರಲ್ಲಿ ಎಡವಟ್ಟಾದರೆ ಕೇಸು ಬೀಳುತ್ತದೆ. ಮೂರು ಗ್ಲಾಸ್ ರುಚಿ ನೋಡಿ "ನನಗೇನೂ ಆಗಿಲ್ಲ" ಅಂತ ಸ್ಟೇರಿಂಗ್ ಹಿಡಿಯೋದು ತಪ್ಪು. ಹಿಂದಿನ ಸೀಟಲ್ಲಿ ಮಗು ಇರುತ್ತೆ ಅಲ್ವಾ.

ಮೇನ್ ಸ್ಟೇಷನ್ನಿಂದ ಆರ್‌ಬಿ 10 ರೈಲು ನೇರ ಹೋಗುತ್ತದೆ. ವೀಸ್‌ಬಾಡನ್‌ನಲ್ಲಿ ದಿಕ್ಕು ಬದಲಿಸುತ್ತದೆ, ಗಾಬರಿ ಬೇಡ, ಇಳಿಯಬೇಡಿ. ಎಲ್ಟ್‌ವಿಲ್‌ಗೆ ಒಂದು ಗಂಟೆಯ ಒಳಗೆ, ರೂಡೆಸ್‌ಹೈಮ್‌ಗೆ ಒಂದೂಕಾಲು ಗಂಟೆಯ ಹತ್ತಿರ. ವೀಸ್‌ಬಾಡನ್ ದಾಟಿದ ಮೇಲೆ ಎಡಗಡೆ ಕಿಟಕಿ ಹಿಡಿಯಿರಿ, ಹೊಳೆ ಆ ಕಡೆ. ನಿಮ್ಮ ಹತ್ತಿರ ಡಾಯ್ಚ್‌ಲಾಂಡ್ ಟಿಕೆಟ್ (ದೇಶದ ಸ್ಥಳೀಯ ರೈಲು, ಬಸ್ಸಿಗೆಲ್ಲ ನಡೆಯುವ ತಿಂಗಳ ಪಾಸು) ಇದ್ದರೆ ನಿಮಗೆ ಬೇರೆ ಖರ್ಚಿಲ್ಲ. ಇಲ್ಲದಿದ್ದರೆ ಹೆಸ್ಸನ್ ಟಿಕೆಟ್ ತಗೊಳ್ಳಿ, ಒಂದರಲ್ಲೇ ಐದು ಜನ ದಿನವಿಡೀ ಓಡಾಡಬಹುದು. ವಾರದ ದಿನ ಒಂಬತ್ತರ ನಂತರ ಶುರು, ಶನಿವಾರ ಭಾನುವಾರ ಆ ಕಟ್ಟು ಇಲ್ಲ. ಹಿಂದಿನ ರಾತ್ರಿ ಆ್ಯಪ್ ತೆಗೆದು ಹಳಿ ಕೆಲಸ ಇದೆಯಾ ನೋಡಿ. ಇದ್ದರೆ ಬದಲಿ ಬಸ್ ಬಿಡುತ್ತಾರೆ, ಸಮಯ ಜಾಸ್ತಿ ಹಿಡಿಯುತ್ತದೆ.

ಬೆಟ್ಟದದಾರಿ:
ರೂಡೆಸ್‌ಹೈಮ್ ಬಿಡಬೇಡಿ. ಮೊದಲ ಸಲ ಬರುವವರಿಗೆ ಅದೇ ಸರಿ. ಕೇಬಲ್ ಕಾರು 1954ರದ್ದು. ಸಣ್ಣ ಡಬ್ಬಿ, ಇಬ್ಬರೇ ಕೂರೋದು, ಪಕ್ಕಕ್ಕೆ ಗಾಜಿಲ್ಲ. ಸುಮಾರು ಹತ್ತು ನಿಮಿಷ ದ್ರಾಕ್ಷಿ ಸಾಲುಗಳ ಮೇಲೇ ತೇಲಿಕೊಂಡು ಹೋಗುತ್ತೀರಿ. ಸದ್ದೇ ಇರಲ್ಲ. ಅಕ್ಟೋಬರ್‌ನಲ್ಲಿ ಕೆಳಗೆ ಅರ್ಧ ಹಳದಿ, ಅರ್ಧ ಹಸಿರು. ಕೊಯ್ಯುವವರ ಮಾತು ಮೇಲೆ ಕೇಳಿಸುತ್ತೆ. ತುದಿಯಲ್ಲಿ ನೀಡರ್‌ವಾಲ್ಡ್ ಸ್ಮಾರಕ, 1883ರಲ್ಲಿ ಮುಗಿದದ್ದು, 38 ಮೀಟರ್ ಎತ್ತರ. ಸ್ಮಾರಕಕ್ಕಿಂತ ಅಲ್ಲಿ ನಿಂತು ಕಾಣುವ ಹೊಳೆಯ ತಿರುವು ದೊಡ್ಡದು. ಮೊಣಕಾಲು ನೋವಿರುವವರಿಗೆ ಹತ್ತದೇ ಬೆಟ್ಟದ ಮೇಲೆ ಹೋಗಲು ಇದು ಒಳ್ಳೆಯ ದಾರಿ.

ಎರಡುಮಕ್ಕಳತಾಯಿ:
ಬೆಟ್ಟದದಾರಿ ಅವರ ಮಾತು ಒಪ್ಪುತ್ತೇನೆ, ಆದರೆ ಶನಿವಾರ ಅಕ್ಟೋಬರ್‌ನಲ್ಲಿ ಅಲ್ಲ. ಅಲ್ಲಿನ ಡ್ರೊಸೆಲ್‌ಗಾಸೆ ಅನ್ನೋ ಓಣಿ 144 ಮೀಟರ್ ಉದ್ದ, ಮೂರು ಮೀಟರ್ ಅಗಲ. ಹಡಗಿನಿಂದ ಇಳಿದ ಗುಂಪುಗಳೆಲ್ಲ ಅಲ್ಲೇ ನುಗ್ಗುತ್ತವೆ. ಮಗುವಿನ ಕೈ ಬಿಟ್ಟರೆ ಕಷ್ಟ. ಹಿರಿಯರಿಗೆ ಕೂರಲು ಜಾಗ ಸಿಗಲ್ಲ.

ನಾವು ಅತ್ತೆ ಮಾವ ಬಂದಾಗ ಎಲ್ಟ್‌ವಿಲ್‌ನಲ್ಲಿ ಇಳಿದು, ಹೊಳೆ ದಂಡೆ ಹಿಡಿದು ಎರ್ಬಾಖ್ ಮೇಲೆ ಹಾಟನ್‌ಹೈಮ್‌ಗೆ ನಡೆದೆವು. ಪೂರ್ತಿ ಸಮತಟ್ಟು. ಹಿಂದೆ ದೋಣಿಗಳನ್ನು ಕುದುರೆ ಕಟ್ಟಿ ಎಳೆಯುತ್ತಿದ್ದ ದಾರಿ ಅದು. ಎಲ್ಲ ಸೇರಿ ಆರು ಕಿಲೋಮೀಟರ್ ಅಂದುಕೊಳ್ಳಿ. ನಡುವೆ ಎರ್ಬಾಖ್‌ನಲ್ಲಿ ಸ್ಟೇಷನ್ ಇದೆ. ಕಾಲು ಸೋತರೆ ಅಲ್ಲೇ ರೈಲು ಹತ್ತಿ ಮುಂದಿನ ಸ್ಟೇಷನ್ನಲ್ಲಿ ಇಳಿಯಬಹುದು. ನನ್ನ ಅತ್ತೆ ಹಾಗೇ ಮಾಡಿದರು, ನಾವು ನಡೆದು ಬರುವಷ್ಟರಲ್ಲಿ ಬೆಂಚ್ ಮೇಲೆ ಕೂತು ಹಡಗು ನೋಡುತ್ತಿದ್ದರು.

ಕುಡಿಯದವರಿಗೆ ಏನು ಮಾಡೋದು ಅಂತ ಚಿಂತೆ ಬೇಡ. ಹೆಚ್ಚಿನ ವೈನ್ ಮನೆಗಳಲ್ಲಿ ಟ್ರೌಬನ್‌ಸಾಫ್ಟ್ ಸಿಗುತ್ತದೆ, ಅಂದರೆ ಅವರದೇ ತೋಟದ ದ್ರಾಕ್ಷಿ ರಸ. ಪೊಟ್ಟಣದ ರಸಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಅವ್ವನಿಗೂ ಮಗಳಿಗೂ ವೈನ್ ಗ್ಲಾಸಿನಲ್ಲೇ ಕೊಡಿ ಅಂತ ಕೇಳಿ. ಬೇರೆಯವರು ಕುಡಿಯುವಾಗ ಇವರು ಸುಮ್ನೆ ಕೂತಿರುವ ಹಾಗೆ ಆಗಬಾರದು.

ದ್ರಾಕ್ಷಿಬಳ್ಳಿ:
ನಾನು ಗೈಸೆನ್‌ಹೈಮ್‌ನಲ್ಲಿ ಓದಿದವಳು. 1872ರಿಂದ ಇಲ್ಲಿ ದ್ರಾಕ್ಷಿ, ವೈನ್ ಕಲಿಸುತ್ತಿದ್ದಾರೆ. ಮ್ಯುಲರ್ ಟೂರ್ಗಾವ್ ಅನ್ನೋ ತಳಿ 1882ರಲ್ಲಿ ಹುಟ್ಟಿದ್ದೂ ಇಲ್ಲೇ. ನಿಮ್ಮ ಅಪ್ಪ ಬೆಳೆಗಾರರು ಅಂತ ಓದಿ ತುಂಬಾ ಖುಷಿಯಾಯಿತು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಈ ಜಾಗದಲ್ಲಿ ದ್ರಾಕ್ಷಿ ಯಾಕೆ ಬರುತ್ತೆ ಅಂತ ಅಪ್ಪನಿಗೆ ಹೇಳಿ, ಅವರು ಕೇಳೇ ಕೇಳುತ್ತಾರೆ. ರೈನ್ ಹೊಳೆ ಉತ್ತರಕ್ಕೆ ಹರಿಯುವಂಥದ್ದು. ಮೈಂಟ್ಸ್ ಹತ್ತಿರ ಟೌನುಸ್ ಬೆಟ್ಟ ಅಡ್ಡ ಬರುತ್ತೆ. ಹೊಳೆ ಪಶ್ಚಿಮಕ್ಕೆ ತಿರುಗಿ ಸುಮಾರು 30 ಕಿಲೋಮೀಟರ್ ಹಾಗೇ ಹೋಗಿ, ಬಿಂಗನ್ ಹತ್ತಿರ ಮತ್ತೆ ಉತ್ತರಕ್ಕೆ ಹೊರಳುತ್ತದೆ. ಆ ಮೂವತ್ತು ಕಿಲೋಮೀಟರಿನ ಬಲದಂಡೆಯೇ ರೈನ್‌ಗೌ. ಇಳಿಜಾರೆಲ್ಲ ದಕ್ಷಿಣಕ್ಕೆ ಮುಖ ಮಾಡಿದೆ. ಹಿಂದೆ ಬೆಟ್ಟ ಚಳಿಗಾಳಿ ತಡೆಯುತ್ತೆ, ಮುಂದೆ ನೀರು ಬಿಸಿ ಹಿಡಿದಿಡುತ್ತೆ. 50ನೇ ಅಕ್ಷಾಂಶದಲ್ಲಿ ದ್ರಾಕ್ಷಿ ಹಣ್ಣಾಗಬೇಕಾದರೆ ಇಷ್ಟೆಲ್ಲ ಕೂಡಿ ಬರಬೇಕು. ಇಲ್ಲಿನ ತೋಟಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ರೀಸ್ಲಿಂಗ್. ಅದು ನಿಧಾನಕ್ಕೆ ಹಣ್ಣಾಗುವ ತಳಿ. ಅದಕ್ಕೇ ಅಕ್ಟೋಬರ್‌ನಲ್ಲೂ ಬಳ್ಳಿ ಮೇಲೆ ಗೊಂಚಲು ಕಾಣುತ್ತೆ.

ಈಗ ಮುಖ್ಯ ವಿಷಯ. ಕೊಯ್ಲಿನ ಸಮಯದಲ್ಲಿ ವೈನ್ ಮಾಡುವವರಿಗೆ ಪುರುಸೊತ್ತು ಇರಲ್ಲ. ರಾತ್ರಿ ಎರಡಕ್ಕೆ ಮಲಗಿ ಆರಕ್ಕೆ ಎದ್ದಿರುತ್ತಾರೆ. ಹೇಳದೇ ಹೋಗಿ ಬಾಗಿಲು ತಟ್ಟಬೇಡಿ. ಎರಡು ವಾರ ಮುಂಚೆ ಒಂದು ಸಣ್ಣ ವೈನ್ ಮನೆಗೆ ಮೇಲ್ ಬರೆಯಿರಿ. ಎಷ್ಟು ಜನ, ಎಷ್ಟು ಗಂಟೆ, ಯಾವ ರೈಲು ಎಲ್ಲ ಬರೆಯಿರಿ. "ನನ್ನ ತಂದೆ ಭಾರತದಲ್ಲಿ ದ್ರಾಕ್ಷಿ ರೈತ" ಅಂತ ಒಂದು ಸಾಲು ಖಂಡಿತ ಸೇರಿಸಿ. ದೊಡ್ಡ ಹೆಸರಿನ ಕಡೆ ರುಚಿ ತೋರಿಸುವವರು ಬೇರೆ, ಬೆಳೆಯುವವರು ಬೇರೆ. ಸಣ್ಣ ಮನೆಯಲ್ಲಿ ಇಬ್ಬರೂ ಒಬ್ಬರೇ.

ನೆಲಮಾಳಿಗೆ ತೋರಿಸಿ ಅಂತ ಹಟ ಮಾಡಬೇಡಿ. ರಸ ಹುಳಿಯುವಾಗ ಕಾರ್ಬನ್ ಡೈ ಆಕ್ಸೈಡ್ ಬಿಡುತ್ತೆ. ಅದು ಗಾಳಿಗಿಂತ ಭಾರ, ಕೆಳಗೇ ನಿಲ್ಲುತ್ತೆ. ವಾಸನೆ ಇಲ್ಲ. ಮನುಷ್ಯ ಒಂದೆರಡು ಉಸಿರಿಗೇ ಬೀಳಬಹುದು. ಎತ್ತರ ಕಡಿಮೆ ಇರುವ ಮಕ್ಕಳಿಗೆ ಇನ್ನೂ ಅಪಾಯ. ಹಿಂದೆ ಉರಿಯುವ ಮೇಣದ ಬತ್ತಿ ಹಿಡಿದು ಇಳಿಯುತ್ತಿದ್ದರು, ಈಗ ಅಲಾರಂ, ಫ್ಯಾನು ಇದೆ. ಅವರು ಬೇಡ ಅಂದರೆ ಬೇಡ.

ಇನ್ನೊಂದು: ದಾರಿ ಬದಿಯ ಗೊಂಚಲು ಕೀಳಬೇಡಿ. ಒಂದೇ ಅಲ್ವಾ ಅನ್ನಿಸುತ್ತೆ. ಅದು ಒಬ್ಬರ ವರ್ಷದ ದುಡಿಮೆ, ಅಪ್ಪನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಮೈನ್‌ದಂಡೆ:
ಇಷ್ಟು ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದ. ದ್ರಾಕ್ಷಿಬಳ್ಳಿ ಅವರೇ, ನಿಮ್ಮ ಮಾತಿನಂತೆ ಇವತ್ತೇ ಎರಡು ಮನೆಗೆ ಮೇಲ್ ಹಾಕುತ್ತೇನೆ. ಊಟದ ಬಗ್ಗೆ ಯಾರಾದರೂ ಹೇಳಿ. ಮತ್ತೆ ಎಲ್ಲ ಅಂಗಡಿಯಲ್ಲೂ ಈಗ ಫೆಡರ್‌ವೈಸರ್ ಅಂತ ಮಬ್ಬು ಬಣ್ಣದ ಬಾಟಲಿ ಇಟ್ಟಿದ್ದಾರಲ್ಲ, ಅದು ವೈನೋ ರಸವೋ?

ಸೈಕಲ್‌ಸವಾರ:
ಎರಡೂ ಅಲ್ಲ, ಎರಡರ ಮಧ್ಯೆ. ಹಿಂಡಿದ ರಸ ಹುಳಿಯುತ್ತಿರುವಾಗಲೇ ಬಾಟಲಿಗೆ ತುಂಬಿದ್ದು. ಈಸ್ಟ್ ಇನ್ನೂ ಒಳಗೇ ತೇಲುತ್ತಿರುತ್ತೆ, ಅದಕ್ಕೇ ಗರಿಯಂಥ ಬಿಳಿ ಮಬ್ಬು. ಹೆಸರಿನ ಅರ್ಥವೂ ಗರಿ ಬಿಳುಪು. ಇವತ್ತು ಸಿಹಿ, ನಾಳೆ ಕಡಿಮೆ ಸಿಹಿ, ನಾಡಿದ್ದು ಹುಳಿ. ರಸದ ಹಾಗೆ ಇಳಿಯುತ್ತೆ ಅಂತ ಮಗುವಿಗೆ ಕೊಡಬೇಡಿ. ಶುರುವಿನಲ್ಲೇ ನಾಲ್ಕು ಪರ್ಸೆಂಟ್ ಆಲ್ಕೋಹಾಲ್ ಇರುತ್ತೆ, ದಿನ ಕಳೆದಂತೆ ಹತ್ತರ ಆಚೆಗೂ ಹೋಗುತ್ತೆ.

ಬಾಟಲಿಯ ಮುಚ್ಚಳ ಬಿಗಿ ಇರಲ್ಲ, ಬೇಕಂತಲೇ. ಬಿಗಿ ಮಾಡಿದರೆ ಅನಿಲ ಕಟ್ಟಿ ಬಾಟಲಿ ಒಡೆಯುತ್ತೆ. ನೆಟ್ಟಗೆ ನಿಲ್ಲಿಸಿಯೇ ತರಬೇಕು. ಸೈಕಲ್ ಚೀಲದಲ್ಲಿ ಮಲಗಿಸಿ ತಂದು ನನ್ನ ಬಟ್ಟೆಯೆಲ್ಲ ಅಂಟಾಗಿತ್ತು. ಗ್ಲಾಸಿಗೆ ಸುರಿದ ಕೂಡಲೇ ಕಣಜ ಬಂದು ಕೂರುತ್ತೆ, ಕುಡಿಯುವ ಮುಂಚೆ ಗ್ಲಾಸ್ ಒಳಗೆ ನೋಡಿ.

ಎರಡುಮಕ್ಕಳತಾಯಿ:
ಊಟ: ಫೆಡರ್‌ವೈಸರ್ ಜೊತೆ ಎಲ್ಲ ಕಡೆ ಈರುಳ್ಳಿ ಕೇಕ್ ಕೊಡುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಹಂದಿ ಮಾಂಸದ ಚೂರು ಇರುತ್ತೆ. "ಓನೆ ಶ್ಪೆಕ್" ಅಂತ ಕೇಳಿದರೆ ಕೆಲವು ಕಡೆ ಮಾಂಸವಿಲ್ಲದ್ದು ಸಿಗುತ್ತೆ, ಆದರೆ ಮೊಟ್ಟೆ ಇದ್ದೇ ಇರುತ್ತೆ. ಹಾಗಾಗಿ ಅವ್ವನಿಗೆ ಅದು ಆಗಲ್ಲ. ಶ್ಪುಂಡೆಕೇಸ್ ಕೇಳಿ. ಮೆತ್ತನೆ ಚೀಸಿಗೆ ಈರುಳ್ಳಿ, ಪ್ಯಾಪ್ರಿಕಾ ಅನ್ನೋ ಕೆಂಪು ಮೆಣಸಿನ ಪುಡಿ ಕಲಸಿದ್ದು. ಬೇಯಿಸಿದ ಆಲೂಗಡ್ಡೆ ಜೊತೆ ಮೊಸರಿನಂಥ ಕ್ವಾರ್ಕ್ ಕೂಡ ಹಲವು ಕಡೆ ಇರುತ್ತೆ. ಮನೆಯಿಂದ ಒಂದು ಡಬ್ಬಿ ಒಯ್ದರೆ ನೆಮ್ಮದಿ. ಹೊಳೆ ದಂಡೆಯ ವೈನ್ ಸ್ಟ್ಯಾಂಡ್‌ಗಳಲ್ಲಿ (ಬೆಳೆಗಾರರು ಸರದಿಯಂತೆ ವೈನ್ ಮಾರುವ ಗೂಡಂಗಡಿ) ಜನ ತಮ್ಮ ತಿಂಡಿ ತಂದು ಬಿಚ್ಚುವುದು ಮಾಮೂಲು. ಆದರೂ ಒಂದು ಮಾತು ಕೇಳಿಕೊಳ್ಳಿ.

ಹಳೇಹೆಜ್ಜೆ:
ಸ್ಟ್ರೌಸ್‌ವಿರ್ಟ್‌ಶಾಫ್ಟ್ ಬಗ್ಗೆ ಯಾರೂ ಹೇಳಲಿಲ್ಲ. ವೈನ್ ಮಾಡುವವರೇ ತಮ್ಮ ಅಂಗಳದಲ್ಲಿ, ಕೊಟ್ಟಿಗೆಯಲ್ಲಿ ನಾಲ್ಕು ಬೆಂಚ್ ಹಾಕಿ ನಡೆಸುವ ಜಾಗ. ವರ್ಷಕ್ಕೆ ನಾಲ್ಕೇ ತಿಂಗಳು ತೆರೆಯಬಹುದು, 40 ಸೀಟಿಗಿಂತ ಜಾಸ್ತಿ ಹಾಕುವಂತಿಲ್ಲ, ತಾವೇ ಬೆಳೆದ ವೈನ್ ಮಾತ್ರ ಮಾರಬೇಕು. ತೆರೆದಿದೆ ಅನ್ನೋಕೆ ಗುರುತು ಬಾಗಿಲಿಗೆ ಕಟ್ಟಿದ ಸೊಪ್ಪಿನ ಕಟ್ಟು. ನಮ್ಮ ಊರಲ್ಲಿ ಹಬ್ಬಕ್ಕೆ ಮಾವಿನ ತೋರಣ ಕಂಡ ಹಾಗೆ ನನಗೆ. ಸಂಜೆ ಐದರ ಹೊತ್ತಿಗೆ ಒಂದರಲ್ಲಿ ಕೂತುಬಿಡಿ. ಪಕ್ಕದ ಟೇಬಲಿನವರು ತಾವಾಗೇ ಮಾತಾಡಿಸುತ್ತಾರೆ. ಅಂದಹಾಗೆ ಕೈಯಲ್ಲಿ ನಗದು ಇರಲಿ.

ಕಥೆಗಾರ್ತಿ:
ಐದು ವರ್ಷದ ಮಗಳಿಗೆ ರೈಲಿನಲ್ಲಿ ಹೇಳಲು ಒಂದು ಕಥೆ ಕೊಡುತ್ತೇನೆ. ಗೈಸೆನ್‌ಹೈಮ್ ಹತ್ತಿರ ಕಿಟಕಿಯಿಂದ ನೋಡಿದರೆ ಗುಡ್ಡದ ಮೇಲೆ ಹಳದಿ ಅರಮನೆ ಕಾಣುತ್ತೆ, ಅದೇ ಯೋಹಾನಿಸ್‌ಬೆರ್ಗ್. ಹಿಂದೆ ಆ ತೋಟ ಫುಲ್ಡಾ ಊರಿನ ಧರ್ಮಗುರುಗಳದ್ದು. ಅವರು ಅಪ್ಪಣೆ ಕೊಡದೇ ಇಲ್ಲಿ ಕೊಯ್ಲು ಶುರು ಮಾಡುವಂತಿಲ್ಲ. ಪ್ರತಿ ವರ್ಷ ಒಬ್ಬ ಸವಾರ ಕುದುರೆ ಮೇಲೆ ಹೋಗಿ ಅಪ್ಪಣೆ ತರಬೇಕು. 1775ರಲ್ಲಿ ಅವನು ಎಷ್ಟು ದಿನವಾದರೂ ಬರಲಿಲ್ಲ. ಹಣ್ಣು ಬಳ್ಳಿ ಮೇಲೇ ಸುಕ್ಕಾಗಿ ಬೂಸು ಹಿಡಿಯಿತು. ಕೊನೆಗೆ ಬಂದ. ಇನ್ನೇನು ಮಾಡೋದು, ಹಾಗೇ ಕೊಯ್ದು ವೈನ್ ಮಾಡಿದರು. ಅದು ಹಿಂದೆಂದೂ ಇಲ್ಲದಷ್ಟು ರುಚಿಯಾಗಿತ್ತು. ಅವತ್ತಿನಿಂದ ತಡವಾಗಿ ಕೊಯ್ಯುವುದಕ್ಕೆ ಶ್ಪೇಟ್‌ಲೇಸೆ ಅಂತ ಹೆಸರು. ಆ ಸವಾರನ ಮೂರ್ತಿ ಅರಮನೆ ಅಂಗಳದಲ್ಲೇ ಇದೆ. ಸ್ಟೇಷನ್ನಿಂದ ಮುಕ್ಕಾಲು ಗಂಟೆ ಏರು ದಾರಿ, ಹಾಗಾಗಿ ಅವ್ವನ ಜೊತೆ ಹೋಗಬೇಡಿ. ಕಥೆ ಸಾಕು.

ಬೆಟ್ಟದದಾರಿ:
ಎರಡು ಸಣ್ಣ ಮಾತು. ಬೆಳಿಗ್ಗೆ ಹೊಳೆ ಮೇಲೆ ಮಂಜು ಕೂತಿರುತ್ತೆ, ಎಷ್ಟೋ ಸಲ ಹನ್ನೊಂದರವರೆಗೂ ಏನೂ ಕಾಣಲ್ಲ. ಬೇಜಾರಾಗಿ ವಾಪಸ್ ಬರಬೇಡಿ. ಸಂಜೆ ಆರೂವರೆಗೆ ಕತ್ತಲು. ಅಕ್ಟೋಬರ್ ಕೊನೇ ಭಾನುವಾರ ಗಡಿಯಾರ ಹಿಂದಕ್ಕೆ ಇಟ್ಟ ಮೇಲೆ ಐದಕ್ಕೇ ಕತ್ತಲಾಗುತ್ತೆ. ಊರಿಂದ ಬಂದವರಿಗೆ ಸ್ವೆಟರ್ ಒಂದು ಸಾಲಲ್ಲ, ಗಾಳಿ ತಡೆಯುವ ಜಾಕೆಟ್ ಬೇಕು.

ಮೈನ್‌ದಂಡೆ:
ಹೋಗಿ ಬಂದೆವು. ನಿಮಗೆಲ್ಲ ಹೇಳದೇ ಇರೋಕೆ ಆಗುತ್ತಿಲ್ಲ, ಉದ್ದ ಆಗುತ್ತೆ, ಓದಿ.

ಪಟ್ಟಿಯಲ್ಲಿ ಎಲ್ಲ ಹೊಡೆದುಹಾಕಿ ಎಲ್ಟ್‌ವಿಲ್, ಹಾಟನ್‌ಹೈಮ್ ಎರಡೇ ಉಳಿಸಿಕೊಂಡೆವು. ಮೇಲ್ ಹಾಕಿದ ಎರಡು ಮನೆಯಲ್ಲಿ ಒಂದು ಉತ್ತರ ಕೊಡಲಿಲ್ಲ. ಇನ್ನೊಂದರಿಂದ ಮರುದಿನವೇ ಬಂತು: "ಒಂದು ಗಂಟೆಗೆ ಬನ್ನಿ, ಇಪ್ಪತ್ತು ನಿಮಿಷ ಸಿಗುತ್ತೆ, ನಿಮ್ಮ ತಂದೆಯನ್ನು ನೋಡಬೇಕು."

ಎಲ್ಟ್‌ವಿಲ್‌ನಲ್ಲಿ ಇಳಿದಾಗ ಹತ್ತು ಗಂಟೆ. ಮಂಜು ಎಷ್ಟಿತ್ತು ಅಂದರೆ ಹೊಳೆಯ ಆಚೆ ದಂಡೆಯೇ ಇಲ್ಲ. ಹಡಗಿನ ಸದ್ದು ಮಾತ್ರ ಬರುತ್ತಿತ್ತು. ಕೋಟೆ ಪಕ್ಕ ಇನ್ನೂ ಗುಲಾಬಿ ಇದ್ದವು. ಅವ್ವ ಒಂದೊಂದಕ್ಕೂ ನಿಂತು ಮೂಸಿ ನೋಡಿದರು. ಎರ್ಬಾಖ್ ತಲುಪುವ ಹೊತ್ತಿಗೆ ಮಂಜು ಬಿಡುತ್ತಾ ಬಂತು. ಮೊದಲು ಒಂದು ಮರದ ತುದಿ, ಆಮೇಲೆ ಗುಡ್ಡ, ಆಮೇಲೆ ಸಾಲು ಸಾಲು ಬಳ್ಳಿ. ಅಪ್ಪ ನಿಂತುಬಿಟ್ಟರು. ನಮ್ಮಲ್ಲಿ ಚಪ್ಪರ, ಕೆಳಗೆ ನೆರಳಲ್ಲಿ ನಡೆಯುತ್ತೇವೆ. ಇಲ್ಲಿ ಬಳ್ಳಿಗಳು ತಂತಿ ಹಿಡಿದು ನೆಟ್ಟಗೆ ನಿಂತಿವೆ, ಬಿಸಿಲು ಒಂದು ಎಲೆಗೂ ತಪ್ಪದ ಹಾಗೆ. ಅಪ್ಪ ಅಂದರು, "ನಾವು ಬಿಸಿಲಿಂದ ಕಾಯ್ತೀವಿ, ಇವರು ಬಿಸಿಲಿಗೆ ಕಾಯ್ತಾರ."

ಅವ್ವ ಎರ್ಬಾಖ್‌ನಲ್ಲಿ ರೈಲು ಹತ್ತಿದರು, ಜೊತೆಗೆ ನನ್ನ ಹೆಂಡತಿ, ಮಗಳು. ನಾನೂ ಅಪ್ಪನೂ ನಡೆದೆವು. ದ್ರಾಕ್ಷಿ ತುಂಬಿದ ಟ್ರಾಕ್ಟರ್ ಪಕ್ಕದಲ್ಲೇ ಹೋಯಿತು. ಹಿಂದೆ ರಸ ಸೋರಿ ರಸ್ತೆಯೆಲ್ಲ ಅಂಟು, ಬೂಟು ಕಿತ್ತು ಕಿತ್ತು ಇಡಬೇಕಿತ್ತು. ಅಪ್ಪ ಬಗ್ಗಿ ಬಿದ್ದಿದ್ದ ಒಂದು ಗೊಂಚಲು ಎತ್ತಿಕೊಂಡು ರಸ್ತೆ ಬದಿಯ ಕಲ್ಲಿನ ಮೇಲೆ ಇಟ್ಟರು. ಯಾಕೆ ಅಂತ ನಾನು ಕೇಳಲಿಲ್ಲ.

ವೈನ್ ಮನೆಯವರಿಗೆ ಐವತ್ತರ ಆಸುಪಾಸು. ಕೈ ಮಣಿಕಟ್ಟಿನವರೆಗೂ ಕಪ್ಪಗೆ ಕಲೆ. ಕೈ ಕುಲುಕುವ ಮುಂಚೆ ಪ್ಯಾಂಟಿಗೆ ಒರೆಸಿಕೊಂಡರು, ಅಪ್ಪನೂ ಹಾಗೇ ಒರೆಸಿಕೊಂಡರು, ಅಪ್ಪನ ಕೈ ಶುಭ್ರವಾಗಿದ್ದರೂ. ನೇರ ಮನೆ ಹಿಂದಿನ ಸಾಲಿಗೆ ಕರೆದುಕೊಂಡು ಹೋದರು. ಒಂದು ಹಣ್ಣು ಕಿತ್ತು ಅಪ್ಪನ ಅಂಗೈಗೆ ಇಟ್ಟರು. ಕಡಲೆ ಕಾಳಿಗಿಂತ ತುಸು ದೊಡ್ಡದು, ಹಳದಿ, ಮೇಲೆ ಕಂದು ಚುಕ್ಕೆ. ನಮ್ಮ ತೋಟದ್ದು ಬೀಜ ಇಲ್ಲದ ತಳಿ, ಉದ್ದ ಕಾಯಿ. ಅಪ್ಪ ಬಾಯಿಗೆ ಹಾಕಿ ಕಡಿದು ಮುಖ ಕಿವುಚಿದರು. ಮೊದಲು ಸಿಹಿ, ಹಿಂದೆಯೇ ಹುಳಿ, ಆಮೇಲೆ ಹಲ್ಲಿಗೆ ಬೀಜ. ಅವರು ತಮ್ಮ ಬಾಯಿಂದ ಬೀಜ ತೆಗೆದು ಉಗುರಿನ ಮೇಲಿಟ್ಟು ತೋರಿಸಿದರು. ಬೀಜ ಹಸಿರಿದ್ದರೆ ಹಣ್ಣು ಇನ್ನೂ ಆಗಿಲ್ಲ, ಕಂದಾಗಿ ಕಡಿದಾಗ ಕಟ್ ಅಂದರೆ ಆಗಿದೆ. ಅಪ್ಪ ತಮ್ಮದನ್ನೂ ತೆಗೆದು ನೋಡಿದರು. ಕಂದು.

ಆಮೇಲೆ ಅವರು ಜೇಬಿಂದ ರಸದ ಸಿಹಿ ಅಳೆಯುವ ರಿಫ್ರಾಕ್ಟೋಮೀಟರ್ ತೆಗೆದರು. ಅಪ್ಪನ ಮುಖ ನೋಡಬೇಕಿತ್ತು! ಅದೇ ಕೊಳವೆ ನಮ್ಮ ಮನೆಯಲ್ಲೂ ಗೋಡೆ ಮೊಳೆಗೆ ನೇತಾಡುತ್ತಿರುತ್ತೆ. ಒಂದು ಹನಿ ಹಿಂಡಿ, ಬಿಸಿಲ ಕಡೆ ಹಿಡಿದು ನೋಡಿದರು, "84" ಅಂದರು. ಅಪ್ಪ ಗಾಬರಿಯಾದರು. ಇಲ್ಲಿ ಅಳೆಯುವುದು ಓಕ್ಸ್ಲೆಯಲ್ಲಿ ಅಂತ ನಾನು ಹೇಳಿದೆ. ಒಂದು ಲೀಟರ್ ರಸ ಒಂದು ಲೀಟರ್ ನೀರಿಗಿಂತ ಎಷ್ಟು ಗ್ರಾಂ ಭಾರ ಅನ್ನೋ ಲೆಕ್ಕ ಅದು. ನಮ್ಮ ಬ್ರಿಕ್ಸ್ ಅಳತೆಯಲ್ಲಿ ಸುಮಾರು 20. ಅಪ್ಪ ಅಂದರು, "ನಾವು 22 ದಾಟದೆ ಕತ್ತರಿ ಹಾಕಂಗಿಲ್ಲ." ನಾನು ಅನುವಾದ ಮಾಡಿದೆ. ಅವರು ಹೇಳಿದರು, "ನನಗೂ ಇನ್ನೊಂದು ವಾರ ಬೇಕಿತ್ತು. ಮಂಗಳವಾರ ಮಳೆ ಅಂತಿದ್ದಾರೆ. ಸೋಮವಾರವೇ ಕೊಯ್ಯಬೇಕು."

ಮಳೆ ಅನ್ನೋ ಮಾತು ಬಂದ ಮೇಲೆ ನನ್ನ ಅನುವಾದ ಇಬ್ಬರಿಗೂ ಸಾಲುತ್ತಿರಲಿಲ್ಲ. ಅಕಾಲ ಮಳೆ ಬಂದು ಶೆಡ್ಡಿನಲ್ಲಿ ಒಣಗಲು ಹಾಕಿದ ದ್ರಾಕ್ಷಿ ಕಪ್ಪಾದ ವರ್ಷದ ಬಗ್ಗೆ ಅಪ್ಪ ಹೇಳಿದರು. ಮಳೆಗೆ ಸಿಪ್ಪೆ ಬಿರಿದು ಮೂರು ದಿನದಲ್ಲಿ ಅರ್ಧ ತೋಟ ಕೊಳೆತ ವರ್ಷದ ಬಗ್ಗೆ ಅವರು ಹೇಳಿದರು. ಇಪ್ಪತ್ತು ನಿಮಿಷ ಅಂದವರು ಒಂದೂಕಾಲು ಗಂಟೆ ನಿಂತರು. ಮಗ ಎರಡು ಸಲ ಬಂದು ಕರೆದ.

ಅಪ್ಪನಿಗೆ ಅತಿ ಆಶ್ಚರ್ಯ ಆಗಿದ್ದು ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ವಿಷಯ. ನಮ್ಮ ಕಡೆ ಬಳ್ಳಿಗೆ ನಿದ್ದೆಯೇ ಇಲ್ಲ, ಅದಕ್ಕೇ ವರ್ಷಕ್ಕೆ ಎರಡು ಸಲ ಕತ್ತರಿಸುತ್ತೇವೆ, ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಹಣ್ಣಿಗೆ ಇನ್ನೊಂದು. ಇಲ್ಲಿ ಎಲೆ ಉದುರಿ ಬಳ್ಳಿ ಮಲಗಿದ ಮೇಲೆ, ಚಳಿಗಾಲದಲ್ಲಿ ಒಂದೇ ಸಲ. ಒಂದು ಉದ್ದ ಕಡ್ಡಿ ಬಿಟ್ಟು ತಂತಿಗೆ ಬಗ್ಗಿಸಿ ಕಟ್ಟುತ್ತಾರೆ. ಅಪ್ಪ ಅಲ್ಲೇ ನೆಲದ ಮೇಲೆ ಕೂತು, ಒಣ ಕಡ್ಡಿಯಿಂದ ಮಣ್ಣಲ್ಲಿ ನಮ್ಮ ಚಪ್ಪರದ ಚಿತ್ರ ಬರೆದರು. ಅವರು ಪಕ್ಕದಲ್ಲಿ ತಮ್ಮದು ಬರೆದರು. ಅದರ ಫೋಟೋ ನನ್ನ ಹತ್ತಿರ ಇದೆ.

ಅವ್ವ ಅಷ್ಟರಲ್ಲಿ ಹಿಂಡಿದ ಸಿಪ್ಪೆಯ ಗುಡ್ಡೆ ಹತ್ತಿರ ಇದ್ದರು. ಹಬೆ ಬರುತ್ತಿತ್ತು. ಇದನ್ನೇನು ಮಾಡುತ್ತಾರೆ ಅಂತ ಕೇಳಿದರು. ಗೊಬ್ಬರವಾಗಿ ಮತ್ತೆ ತೋಟಕ್ಕೇ ಹೋಗುತ್ತೆ ಅಂದಾಗ ತಲೆ ಅಲ್ಲಾಡಿಸಿದರು. ಅವರಿಗೂ ಮಗಳಿಗೂ ಕಾಲಿರುವ ಗ್ಲಾಸಿನಲ್ಲೇ ದ್ರಾಕ್ಷಿ ರಸ ಬಂತು. ಎರಡುಮಕ್ಕಳತಾಯಿ ಅವರೇ, ಅದೊಂದು ಮಾತಿಗೆ ನಿಮಗೆ ಎಷ್ಟು ಧನ್ಯವಾದ ಹೇಳಿದರೂ ಕಡಿಮೆ. ಎಲ್ಲರ ಜೊತೆ ಅವ್ವನೂ ಗ್ಲಾಸ್ ಎತ್ತಿದರು. ಅಪ್ಪ ವೈನ್ ಎರಡು ಗುಟುಕು ಕುಡಿದು, "ಹುಳಿ ಐತಿ, ಆದ್ರ ಆ ಹಣ್ಣಿಂದೇ ರುಚಿ ಐತಿ" ಅಂದರು. ನಾನೂ ಹೆಂಡತಿಯೂ ನಾಲ್ಕು ಬಗೆ ನೋಡಿದೆವು, ಒಣ ರೀಸ್ಲಿಂಗ್‌ನಿಂದ ಹಿಡಿದು ಹಿಂದಿನ ವರ್ಷದ ಶ್ಪೇಟ್‌ಲೇಸೆವರೆಗೆ. ನನಗೆ ಕೊನೆಯದು ಹಿಡಿಸಿತು. ಸಿಹಿ ಇದ್ದರೂ ಬಾಯಿ ಕಟ್ಟಲ್ಲ, ಹುಳಿ ಅದನ್ನು ಎತ್ತಿ ಹಿಡಿಯುತ್ತೆ.

ಊಟ ಹೊಳೆ ದಂಡೆಯಲ್ಲಿ. ಅವ್ವ ಊರಿಂದ ತಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದರು. ಸ್ಟ್ಯಾಂಡ್‌ನಲ್ಲಿ ಕೇಳಿದೆ, ಧಾರಾಳವಾಗಿ ತಿನ್ನಿ ಅಂದರು. ಶ್ಪುಂಡೆಕೇಸ್ ತಗೊಂಡು ರೊಟ್ಟಿಗೆ ಹಚ್ಚಿದೆವು. ತುಂಬಾ ಹೊಂದುತ್ತೆ, ಮಾಡಿ ನೋಡಿ.

ಫೆಡರ್‌ವೈಸರ್ ಒಂದು ಬಾಟಲಿ ಕೊಂಡೆ. ಸೈಕಲ್‌ಸವಾರ ಅವರು ಹೇಳಿದ್ದು ನೆನಪಿತ್ತು, ನೆಟ್ಟಗೇ ಇಟ್ಟಿದ್ದೆ. ವಾಪಸ್ ರೈಲಿನಲ್ಲಿ ಮಗಳು ನಿದ್ದೆ ಹೋದಳು, ಅವಳನ್ನು ಎತ್ತಿಕೊಳ್ಳುವಾಗ ಚೀಲ ಒರಗಿತು. ಅರ್ಧ ಬಾಟಲಿ ಜಾಕೆಟ್ಟಿಗೆ. ಇಡೀ ಬೋಗಿ ದ್ರಾಕ್ಷಿ ವಾಸನೆ. ಒರೆಸಿ ಎಲ್ಲ ಶುಚಿ ಮಾಡಿ ಇಳಿದೆವು.

ದ್ರಾಕ್ಷಿಬಳ್ಳಿ:
ಓದಿ ಕಣ್ಣು ತುಂಬಿ ಬಂತು. ಮಂಗಳವಾರ ನಿಜಕ್ಕೂ ಮಳೆ ಬಂತು. ಸೋಮವಾರ ರಾತ್ರಿ ಎಲ್ಲ ಕಡೆ ತೋಟದಲ್ಲಿ ಟ್ರಾಕ್ಟರ್ ದೀಪ ಕಾಣುತ್ತಿತ್ತು. ಅವರೂ ಕೊಯ್ದಿರುತ್ತಾರೆ. ಒಂದು ಮೇಲ್ ಹಾಕಿ ಕೇಳಿ, ಆ ಮಣ್ಣಿನ ಚಿತ್ರದ ಫೋಟೋವನ್ನೂ ಕಳಿಸಿ.

ಮೈನ್‌ದಂಡೆ:
ಹಾಕಿದೆ. ಉತ್ತರ ಬಂತು, ಎರಡೇ ಸಾಲು. "ಎಲ್ಲ ಒಳಗೆ ಬಂತು. 86. ತಂದೆಯವರಿಗೆ ಹೇಳಿ." ಅಪ್ಪ ಆ ಮೇಲ್ ಮೂರು ಸಲ ಓದಿಸಿಕೊಂಡರು.

ಕಥೆಗಾರ್ತಿ:
ಅಪ್ಪ ಊರಿಗೆ ಬಾಟಲಿ ಒಯ್ಯುತ್ತಾರಾ?

ಹಳೇಹೆಜ್ಜೆ:
ಒಯ್ಯಬಹುದು. ಭಾರತಕ್ಕೆ ಒಬ್ಬರು ಎರಡು ಲೀಟರ್‌ವರೆಗೆ ಸುಂಕವಿಲ್ಲದೆ ತರಬಹುದು. 750 ಮಿಲಿಯ ಎರಡು ಬಾಟಲಿ ಸರಿಹೋಗುತ್ತೆ. ಕೈಚೀಲದಲ್ಲಿ ಬಿಡಲ್ಲ, ದೊಡ್ಡ ಸೂಟ್‌ಕೇಸಿನ ನಡುವೆ ಬಟ್ಟೆ ಸುತ್ತಿ ಇಡಿ. ಫೆಡರ್‌ವೈಸರ್ ಮಾತ್ರ ಬೇಡವೇ ಬೇಡ.

ಬೆಟ್ಟದದಾರಿ:
ಮುಂದಿನ ವರ್ಷ ಅವ್ವನಿಗೆ ಕೇಬಲ್ ಕಾರು ತೋರಿಸಿ. ವಾರದ ದಿನ ಹೋಗಿ, ಖಾಲಿ ಇರುತ್ತೆ. ನಾನು ಈಗಲೂ ಬಿಟ್ಟುಕೊಡಲ್ಲ.

ಹೊಸಬ:
ಎಲ್ಲ ಓದಿದೆ. ಬರುವ ಶನಿವಾರ ನಾವು ನಾಲ್ಕು ಜನ ಹೊರಟಿದ್ದೇವೆ. ಈಗ ಅಕ್ಟೋಬರ್ ಕೊನೆ. ಹಣ್ಣು ಇನ್ನೂ ಇರುತ್ತಾ? ಹೊಳೆ ದಂಡೆಯ ಸ್ಟ್ಯಾಂಡ್ ತೆರೆದಿರುತ್ತಾ?

ದ್ರಾಕ್ಷಿಬಳ್ಳಿ:
ಹೆಚ್ಚಿನ ಹಣ್ಣು ಕೊಯ್ದಾಗಿರುತ್ತೆ. ಶ್ಪೇಟ್‌ಲೇಸೆಗೆ, ಸಿಹಿ ವೈನ್‌ಗೆ ಅಂತ ಬಿಟ್ಟ ಸಾಲು ಅಲ್ಲಲ್ಲಿ ಸಿಗುತ್ತೆ, ಬಲೆ ಹೊದಿಸಿದ್ದರೆ ಅದೇ. ಎಲೆ ಈಗ ಪೂರ್ತಿ ಬಂಗಾರದ ಬಣ್ಣ, ಆ ಬಣ್ಣಕ್ಕೆ ಇದೇ ಸರಿಯಾದ ವಾರ. ಸ್ಟ್ಯಾಂಡ್ ಹವಾಮಾನದ ಮೇಲೆ ನಿಂತಿದೆ. ಮಳೆ ಇದ್ದರೆ ತೆರೆಯಲ್ಲ. ಆಯಾ ಊರಿನ ಪುಟದಲ್ಲಿ ಆ ವಾರ ಯಾರ ಸರದಿ ಅಂತ ಹಾಕಿರುತ್ತಾರೆ, ಶುಕ್ರವಾರ ಸಂಜೆ ನೋಡಿಕೊಂಡು ಹೊರಡಿ.